ಶೆಡ್ಡು ಖಾಲಿ ಇದ್ದ ದಿನಗಳು

ಹುಬ್ಬಳ್ಳಿಯಿಂದ ಶಿಗ್ಗಾವಿಗೆ ಹೋಗುವ ಹೆದ್ದಾರಿಯಲ್ಲಿ ತಡಸ ಕ್ರಾಸ್ ಬಂದರೆ ಮುಂಡಗೋಡದ ಕಡೆ ಹೋಗುವವರು ಇಳಿದುಕೊಳ್ಳುತ್ತಾರೆ. ಬಯಲುಸೀಮೆ ಮುಗಿಯುತ್ತಾ ಮಲೆನಾಡಿನ ಗಾಳಿ ಮುಖಕ್ಕೆ ತಾಗುವ ಜಾಗ ಅದು. ಗೋವಿನಜೋಳ, ಹತ್ತಿ, ಒಂದಿಷ್ಟು ಭತ್ತ. ಇವುಗಳ ನಡುವೆ ಅಲ್ಲಲ್ಲಿ ಉದ್ದನೆಯ ತಗಡಿನ ಶೆಡ್ಡುಗಳು, ಕೋಳಿ ಫಾರಂ. ಅದನ್ನು ಇಟ್ಟವರ ಮನೆಗೆ ಹೋದರೆ ಮಳೆ-ಬೆಳೆಯ ಮಾತಿನಷ್ಟೇ ಸಹಜವಾಗಿ ಇನ್ನೊಂದು ಮಾತು ಕಿವಿಗೆ ಬೀಳುತ್ತದೆ: ‘ಗ್ಯಾಪು’. “ಈ ಸಲ ಎಷ್ಟ ದಿನ ಗ್ಯಾಪ್ ಬಿತ್ರಿ?” ಒಂದು ತಂಡದ ಕೋಳಿ ಲಾರಿ ಹತ್ತಿದ ಮೇಲೆ ಮುಂದಿನ ಮರಿ ಬರುವ ತನಕ ಶೆಡ್ಡು ಖಾಲಿ ಬೀಳುವ ದಿನಗಳು ಅವು.

ನನ್ನ ತಂಗಿಯ ಮಗ ಅಲ್ಲಿ ಐದು ಸಾವಿರ ಕೋಳಿಯ ಶೆಡ್ಡು ಹಾಕಿದ್ದಾನೆ. ಕೋಳಿ ಅವನದಲ್ಲ. ಮರಿ, ಮೇವು, ಔಷಧಿ ಎಲ್ಲ ಕಂಪನಿಯದು; ಶೆಡ್ಡು, ನೀರು, ಕರೆಂಟು, ಗಂಡ-ಹೆಂಡತಿಯ ದುಡಿಮೆ ಇವರದು. ಕೋಳಿ ತೂಗಿದ ಮೇಲೆ ಕಿಲೋಗೆ ಇಷ್ಟು ಎಂದು ಸಾಕಣೆಯ ಕೂಲಿ. 1990ರ ದಶಕದಲ್ಲಿ ತಮಿಳುನಾಡಿನ ಕೊಯಮತ್ತೂರು ಸೀಮೆಯಲ್ಲಿ ಬೇರುಬಿಟ್ಟು ನಮ್ಮ ಕಡೆಗೂ ಹಬ್ಬಿದ ಪದ್ಧತಿ ಇದು. ಪೇಟೆಯಲ್ಲಿ ದರ ಬಿದ್ದರೂ ರೈತನ ಕೂಲಿ ತಪ್ಪುವುದಿಲ್ಲ ಎಂಬುದು ಇದರ ದೊಡ್ಡ ಆಕರ್ಷಣೆ. ಮಾತು ಬಹುಮಟ್ಟಿಗೆ ನಿಜವೇ. ಆದರೆ ದರ ಬಿದ್ದ ಬಿಸಿ ಬೇರೊಂದು ಬಾಗಿಲಿನಿಂದ ಒಳಗೆ ಬರುತ್ತದೆ. ಆ ಬಾಗಿಲನ್ನು ನನಗೆ ತೋರಿಸಿದವಳು ಪಿಯುಸಿ ಎರಡನೇ ವರ್ಷ ಓದುತ್ತಿರುವ ಅವನ ಮಗಳು.

ಹೋದ ದೀಪಾವಳಿಗೆ ನಾನು ಹೋದಾಗ ಮನೆಯಲ್ಲಿ ಎರಡನೇ ಶೆಡ್ಡಿನ ಮಾತು ನಡೆದಿತ್ತು. ಸಾಲದ ಅರ್ಜಿಗೆಂದು ಯಾರೋ ಟೈಪು ಮಾಡಿಸಿಕೊಟ್ಟ ಯೋಜನಾ ವರದಿ ಸಿದ್ಧವಾಗಿತ್ತು. ಮನೆಯ ಹಿಂದಿನ ಎರಡೆಕರೆ ಅಡವಿಡಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನೆಂದು ಕಾಗದವನ್ನು ನನ್ನ ಕೈಗಿತ್ತರು. ಕೂಡುವುದು ಕಳೆಯುವುದೆಲ್ಲ ಸರಿಯಾಗಿಯೇ ಇತ್ತು. ಹುಡುಗಿ ಮಾತ್ರ ತನ್ನ ನೋಟ್‌ಬುಕ್ ತಂದು ಪಕ್ಕದಲ್ಲಿಟ್ಟಳು.

“ಅಜ್ಜಾ, ಇದರಾಗ ವರ್ಷಕ್ಕ ಆರು ಬ್ಯಾಚ್ ಅಂತ ಬರದಾರ. ನಮ್ಮ ಪುಸ್ತಕದಾಗ ಹೋದ ವರ್ಷ ನಾಲ್ಕ ಅದಾವಲ್ಲ?”

ಕೋಳಿ ಶೆಡ್ಡಿನಲ್ಲಿರುವುದು ಸುಮಾರು 42 ದಿನ. ತೊಳೆದು ಸುಣ್ಣ ಬಳಿದು ಹೊಸ ಹೊಟ್ಟು ಹಾಸಲು 15 ದಿನ. ಒಟ್ಟು 57, ವರ್ಷಕ್ಕೆ ಆರು ಬ್ಯಾಚು ಸರಿ. ಆದರೆ ಆ 15 ದಿನದ ಬಿಡುವು 45 ಆದರೆ? ಆಗ 87 ದಿನಕ್ಕೊಂದು ಬ್ಯಾಚು, ವರ್ಷಕ್ಕೆ ನಾಲ್ಕೇ. ಕಿಲೋ ಕೂಲಿ ಒಂದು ಪೈಸೆ ಇಳಿದಿಲ್ಲ, ಒಂದು ಕೋಳಿ ಹೆಚ್ಚಿಗೆ ಸತ್ತಿಲ್ಲ. ವರ್ಷದ ಆದಾಯದ ಮೂರನೇ ಒಂದು ಪಾಲು ಮಾಯ! ಬ್ಯಾಂಕಿನ ಬಡ್ಡಿಗೆ ಮಾತ್ರ ಗ್ಯಾಪು ಇರುವುದಿಲ್ಲ.

ಮರಿ ಯಾಕೆ ತಡವಾಗುತ್ತದೆ? ಇದಕ್ಕೆ ಉತ್ತರ ಶೆಡ್ಡಿನಲ್ಲಿಲ್ಲ, ಹ್ಯಾಚರಿಯಲ್ಲಿದೆ.

ನಮ್ಮ ಅವ್ವ ಕೋಳಿಯನ್ನು ಬುಟ್ಟಿಯಲ್ಲಿ ಕಾವಿಗೆ ಕೂಡಿಸುತ್ತಿದ್ದಳು. ಹನ್ನೊಂದೋ ಹದಿಮೂರೋ ತತ್ತಿ. ಒಂದೊಂದಕ್ಕೂ ಇದ್ದಲಿನ ಗುರುತು. ಸೋಮವಾರ ಕೂಡಿಸಿದರೆ ಮೂರು ವಾರ ಕಳೆದ ಸೋಮವಾರ ಮರಿ. ಅವಳಿಗೆ ಕ್ಯಾಲೆಂಡರು ಬೇಕಿರಲಿಲ್ಲ. ಯಂತ್ರ ಬಂದರೂ ಆ 21 ದಿನ ಬದಲಾಗಿಲ್ಲ ನೋಡಿ. ಸುಮಾರು 37.5 ಡಿಗ್ರಿ ಶಾಖ, ಹದವಾದ ತೇವ, ತಾಯಿಕೋಳಿ ಕೊಕ್ಕಿನಿಂದ ಹೊರಳಿಸಿದಂತೆ ಆಗಾಗ ವಾಲುವ ತಟ್ಟೆಗಳು. ಮೊದಲ 18 ದಿನ ಸೆಟ್ಟರ್ ಎಂಬ ಯಂತ್ರದಲ್ಲಿ, ಕೊನೆಯ ಮೂರು ದಿನ ಹ್ಯಾಚರ್‌ನಲ್ಲಿ. ನೂರು ಮೊಟ್ಟೆ ಇಟ್ಟರೆ ಎಂಬತ್ತರ ಆಸುಪಾಸು ಮರಿ. ಹುಟ್ಟುವ ಮುನ್ನ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿಯ ಬಲದಿಂದ ಎರಡು ಮೂರು ದಿನ ನೀರು, ಕಾಳು ಇಲ್ಲದೆಯೂ ತಾಳಬಲ್ಲದು. ಎಲ್ಲೋ ಹುಟ್ಟಿದ ಮರಿ ತೂತುಪೆಟ್ಟಿಗೆಯಲ್ಲಿ ಕೂತು ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ತಡಸದಲ್ಲಿ ಇಳಿಯುವುದು ಹೀಗೆ.

ಈಗ ಎರಡನ್ನೂ ಕೂಡಿಸಿ. 21 ಮತ್ತು 42, ಒಟ್ಟು 63 ದಿನ. ಅಂದರೆ ಒಂಬತ್ತು ವಾರ. ಇಂದು ಅಂಗಡಿಯಲ್ಲಿ ತೂಗುತ್ತಿರುವ ಕೋಳಿ ಒಂಬತ್ತು ವಾರದ ಹಿಂದೆ ಯಾರೋ ಯಂತ್ರಕ್ಕೆ ಇಟ್ಟ ಮೊಟ್ಟೆ. ನಡುವೆ ಮನಸ್ಸು ಬದಲಾಯಿಸಲು ಬರುವುದಿಲ್ಲ. ಶ್ರಾವಣದಲ್ಲಿ ಬಹಳ ಮನೆಗಳಲ್ಲಿ ಮಾಂಸ ಬಂದ್. ಆಗ ಕೋಳಿ ಕಡಿಮೆ ಇರಬೇಕೆಂದರೆ ಕಾರಹುಣ್ಣಿಮೆಯ ಹೊತ್ತಿಗೇ ಮೊಟ್ಟೆ ಕಡಿಮೆ ಇಡಬೇಕು. ಕಾರಹುಣ್ಣಿಮೆಗೆ ಮೊಟ್ಟೆ ಕಡಿಮೆಯಾದರೆ ಜುಲೈ ಮೊದಲ ವಾರ ಶೆಡ್ಡಿಗೆ ಮರಿ ಇಲ್ಲ. ಜೂನ್-ಜುಲೈ ಎಂದರೆ ಕಾಲೇಜಿನ ಫೀ ಕಟ್ಟುವ ಕಾಲ, ಬಿತ್ತನೆಯ ಖರ್ಚಿನ ಕಾಲ. ಹುಡುಗಿಯ ನೋಟ್‌ಬುಕ್ಕಿನಲ್ಲಿ ಮೂರು ವರ್ಷದ ಉದ್ದನೆಯ ಗ್ಯಾಪುಗಳಲ್ಲಿ ಎರಡು ಅದೇ ದಿನಗಳಲ್ಲಿದ್ದವು. ಅವಳಪ್ಪ ಅದನ್ನು ಹಣೆಬರಹ ಎಂದುಕೊಂಡಿದ್ದ!

ಈ ಒಂಬತ್ತು ವಾರದ ಲೆಕ್ಕ ರಾಜ್ಯಕ್ಕೆಲ್ಲ ಕಣ್ಣಿಗೆ ರಾಚಿದ್ದು 2020ರಲ್ಲಿ. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಸುಳ್ಳುಸುದ್ದಿ ಆ ವರ್ಷದ ಮಾರ್ಚ್ ಹೊತ್ತಿಗೆ ಮನೆಮನೆ ಮುಟ್ಟಿತು. ಗೋಕಾಕ ತಾಲ್ಲೂಕಿನ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತ ಗುಂಡಿಗೆ ಹಾಕಿದ ದೃಶ್ಯ ನೀವೂ ನೋಡಿರಬಹುದು. ಅದೇ ತಿಂಗಳು ಹರಿಹರದ ಬನ್ನಿಕೋಡಿನಲ್ಲಿ ನಿಜವಾದ ಹಕ್ಕಿಜ್ವರವೂ ಕಾಣಿಸಿಕೊಂಡಿತು. ಹ್ಯಾಚರಿಗಳು ಯಂತ್ರಕ್ಕೆ ಮೊಟ್ಟೆ ಇಡುವುದನ್ನು ಇಳಿಸಿದವು. ಮರಿಯಾಗಬೇಕಿದ್ದ ಮೊಟ್ಟೆ ಆಮ್ಲೆಟ್ಟಿನ ಪಾಲಾಯಿತು. ಮೇ ತಿಂಗಳಿಗೆ ಕೋಳಿ ಸಿಗದೆ, ಕೇಳುವವರಿಲ್ಲದಿದ್ದ ಮಾಂಸದ ದರ ಎಲ್ಲೋ ಹೋಯಿತು. ಆಶ್ಚರ್ಯಪಟ್ಟವರು ಬಹಳ. ವಾರ ಎಣಿಸಿದ್ದರೆ ಆಶ್ಚರ್ಯಪಡಬೇಕಿರಲಿಲ್ಲ.

ಎಣಿಸಲು ಸಂಖ್ಯೆ ಬೇಕಲ್ಲ! ಅಮೆರಿಕದಲ್ಲಿ ಕೃಷಿ ಇಲಾಖೆಯೇ ಪ್ರತಿ ವಾರ ಎರಡು ಅಂಕಿ ಪ್ರಕಟಿಸುತ್ತದೆ: ಈ ವಾರ ಯಂತ್ರಕ್ಕೆ ಇಟ್ಟ ಮೊಟ್ಟೆ ಎಷ್ಟು, ಸಾಕಲು ಬಿಟ್ಟ ಮರಿ ಎಷ್ಟು. ಈಚಿನ ವರ್ಷಗಳಲ್ಲಿ ಅದು ವಾರಕ್ಕೆ ಸುಮಾರು 24 ಕೋಟಿ ಮೊಟ್ಟೆ, 18-19 ಕೋಟಿ ಮರಿ. ದೊಡ್ಡ ಕಂಪನಿಯವನೂ ಓದಬಹುದು, ಶೆಡ್ಡಿನವನೂ ಓದಬಹುದು, ಜೋಳ ಮಾರುವವನೂ ಓದಬಹುದು. ನಮ್ಮಲ್ಲಿ ಜಾನುವಾರು ಗಣತಿ ಇದೆ. 2019ರ ಗಣತಿ ದೇಶದಲ್ಲಿ 85 ಕೋಟಿ ಕೋಳಿ-ಬಾತುಗಳಿವೆ ಎಂದಿತು. ಮುಂದಿನದು 2024ರ ಅಕ್ಟೋಬರಿನಲ್ಲಿ ಶುರುವಾಯಿತು. 42 ದಿನ ಬದುಕುವ ಹಕ್ಕಿಯನ್ನು ಐದು ವರ್ಷಕ್ಕೊಮ್ಮೆ ಎಣಿಸಿದರೆ ಶೆಡ್ಡಿನವನಿಗೆ ಏನು ತಿಳಿಯಬೇಕು? 1982ರಲ್ಲಿ ಹುಟ್ಟಿದ ಮೊಟ್ಟೆ ಸಮನ್ವಯ ಸಮಿತಿಯಿಂದಾಗಿ ಮೊಟ್ಟೆಯ ದರ ದಿನವೂ ಪತ್ರಿಕೆಯಲ್ಲಿ ಸಿಗುತ್ತದೆ. ದರ ನಿನ್ನೆಯ ಸಂಗತಿ ಹೇಳುತ್ತದೆ, ಮೊಟ್ಟೆ ಇಟ್ಟ ಲೆಕ್ಕ ಬರುವ ಒಂಬತ್ತು ವಾರದ್ದನ್ನು. ಆ ಲೆಕ್ಕ ಹ್ಯಾಚರಿ ನಡೆಸುವವರ ಬಳಿ ಇರುತ್ತದೆ, ಸಾಲ ಮಾಡಿದವನ ಬಳಿ ಇರುವುದಿಲ್ಲ. ನನಗೆ ಇದು ನ್ಯಾಯವೆನಿಸುವುದಿಲ್ಲ.

ಕೋಳಿ ಸಾಕದವರಿಗೂ ಇದು ಸಂಬಂಧಪಟ್ಟದ್ದೇ. ಎರಡು ಕಿಲೋದ ಕೋಳಿ ಮೂರು ಕಿಲೋಗಿಂತ ಹೆಚ್ಚು ಮೇವು ತಿಂದಿರುತ್ತದೆ. ಅದರಲ್ಲಿ ಅರ್ಧಕ್ಕೂ ಮಿಕ್ಕಿ ಗೋವಿನಜೋಳ. ಐದು ಸಾವಿರ ಮರಿಯ ಒಂದು ಶೆಡ್ಡಿಗೆ ಒಂದು ಬ್ಯಾಚಿಗೆ ಎಂಟೊಂಬತ್ತು ಟನ್ ಜೋಳ. ಹಾವೇರಿ ಜಿಲ್ಲೆಯ ಜೋಳದ ರೈತನ ದರ ಎಲ್ಲೋ ಹ್ಯಾಚರಿಯ ತಟ್ಟೆಗಳಿಗೂ ಜೋತುಬಿದ್ದಿದೆ.

ಆ ದಿನ ರಾತ್ರಿ ಊಟವಾದ ಮೇಲೆ ಯೋಜನಾ ವರದಿಯ ‘ಆರು’ ಇದ್ದಲ್ಲೆಲ್ಲ ಹುಡುಗಿ ಪೆನ್ಸಿಲಿನಿಂದ ‘ನಾಲ್ಕು’ ಬರೆದು ಮತ್ತೆ ಕೂಡಿದಳು. ಸಾಲದ ಕಂತು ಕಟ್ಟಿದ ಮೇಲೆ ಉಳಿಯುವುದು ಮೇವು ಹೊರುವ ಆಳಿನ ಕೂಲಿಗೂ ಸಾಲದು. ಅವಳಪ್ಪ ಬಹಳ ಹೊತ್ತು ಕಾಗದ ನೋಡುತ್ತ ಕೂತಿದ್ದ. “ನಾಲ್ಕ ಅಂತ ಇಟ್ಟಕೊಂಡ್ರ ಶೆಡ್ ಯಾರೂ ಹಾಕೂದಿಲ್ರಿ ಮಾಮಾ” ಎಂದ. ಮಗಳು, “ಐದು ಬಂದ್ರ ಹಾಕೂಣಪ್ಪಾ” ಎಂದಳು.

ಸದ್ಯಕ್ಕೆ ಎರಡೆಕರೆ ಅಡವಿಗೆ ಹೋಗಿಲ್ಲ. ಒಂದೇ ಶೆಡ್ಡು ನಡೆದಿದೆ. ಮೇ ತಿಂಗಳ ಬ್ಯಾಚಿನ ಹಣ ಬಂದೊಡನೆ ಅರ್ಧವನ್ನು ಅಂಚೆ ಕಚೇರಿಯ ಖಾತೆಗೆ ಹಾಕುತ್ತಾರಂತೆ, ಜುಲೈ ಫೀಗೆ. ಮರಿ ಬಿಡಲು ಬರುವ ಕಂಪನಿಯ ಹುಡುಗನನ್ನು ಆಕೆ ಪ್ರತಿ ಸಲವೂ ಕೇಳುತ್ತಾಳೆ: “ಅಣ್ಣಾ, ಈ ವಾರ ಮಷೀನಿಗೆ ಎಷ್ಟ ತತ್ತಿ ಇಟ್ಟಾರ?” ಅವನು ನಗುತ್ತಾನೆ. “ಅದನ್ನ ನಮಗೂ ಹೇಳೂದಿಲ್ಲವ್ವಾ.” ಅವಳು ಪೆಟ್ಟಿಗೆ ಎಣಿಸಿ, ಸತ್ತ ಮರಿ ಬೇರೆ ಮಾಡಿ, ತಾರೀಖು ಬರೆದುಕೊಳ್ಳುತ್ತಾಳೆ.