ಲೇರೋಸಿನ ಕೊಲ್ಲಿಯೂ ದೋಣಿ ಹೊತ್ತ ವಿಮಾನವೂ

ಗ್ರೀಸ್ ದೇಶದ ಪೂರ್ವದಲ್ಲಿ, ತುರ್ಕಿಯ ಕರಾವಳಿಗೆ ಸಮೀಪವಾಗಿ, ಲೇರೋಸ್ ಎಂಬ ಸಣ್ಣ ದ್ವೀಪವಿರುವುದು. ಅಲ್ಲಿಯ ಲಕ್ಕಿ ಕೊಲ್ಲಿಯನ್ನು ಕಂಡವರಿಗೆ, ಪ್ರಕೃತಿಯೇ ನೌಕೆಗಳಿಗಾಗಿ ಕೊಳವೊಂದನ್ನು ತೋಡಿಟ್ಟಿರುವಳೋ ಎಂಬ ಭ್ರಾಂತಿಯುಂಟಾಗುವುದು. ಬಾಯಿ ಕಿರಿದು, ಒಡಲು ಆಳ, ಸುತ್ತಲೂ ಗುಡ್ಡಗಳು. ನಾನು ದಡದಲ್ಲಿ ನಿಂತ ಮುಂಜಾನೆ ನೀರು ಕನ್ನಡಿಯಂತೆ ನಿಶ್ಚಲವಾಗಿತ್ತು.

1912ರಲ್ಲಿ ಇಟಲಿಯವರು ಈ ದ್ವೀಪವನ್ನು ವಶಪಡಿಸಿಕೊಂಡರು. ಕೊಲ್ಲಿಯ ದಡದ ಲೆಪಿದಾ ಎಂಬಲ್ಲಿ 1920ರ ದಶಕದಲ್ಲಿ ಜಲವಿಮಾನಗಳ ನೆಲೆಯೊಂದನ್ನು ಕಟ್ಟಿದರು. 1940ರಲ್ಲಿ ಇಟಲಿಯು ಯುದ್ಧಕ್ಕಿಳಿದಾಗ ಇಲ್ಲಿ ಕಾವಲಿಗಿದ್ದುದು ರೊ.44 ಎಂಬ ಕಾದಾಟದ ಜಲವಿಮಾನ.

ಅದರ ಹುಟ್ಟಿನ ಕಥೆಯನ್ನು ವಾಚಕರು ಕೇಳಬೇಕು. ಇಟಲಿಯಲ್ಲಿ ವಿಮಾನವಾಹಕ ನೌಕೆಯೇ ಇರಲಿಲ್ಲ. ಕಡಲಿಗೆ ಚಾಚಿದ ತಮ್ಮ ನಾಡೇ ಅದಕ್ಕೆ ಸಾಟಿಯೆಂದು ಆಳುವವರು ನಂಬಿದ್ದರು. ಯುದ್ಧನೌಕೆಗಳಿಂದ ಚಿಮ್ಮಿಸಿ ಹಾರಿಸುವುದಕ್ಕೆ ರೊ.43 ಎಂಬ, ಇಬ್ಬರು ಕೂಡುವ ಬೇಹಿನ ವಿಮಾನವಿತ್ತು. ಅದನ್ನೇ ಮಾರ್ಪಡಿಸಿ, ಒಬ್ಬನೇ ಕೂಡುವಂತೆ ಮಾಡಿ, ರೊ.44ನ್ನು 1936ರಲ್ಲಿ ಮೊದಲು ಹಾರಿಸಿದರು. 700 ಅಶ್ವಶಕ್ತಿಯ ಎಂಜಿನು, ಎರಡು ಮೆಷಿನ್‌ಗನ್ನುಗಳು, ಒಂದರ ಮೇಲೊಂದು ರೆಕ್ಕೆಗಳು. ಒಡಲಿನ ಕೆಳಗೆ ಒಂದು ದೊಡ್ಡ ತೇಲುದೋಣಿ, ರೆಕ್ಕೆಗಳ ಕೆಳಗೆ ಎರಡು ಚಿಕ್ಕವು.

ಸಂಕಟವಿದ್ದುದು ಆ ದೋಣಿಯಲ್ಲಿಯೇ. ನೀರಿನ ಮೇಲೆ ಯಾವುದು ಆಧಾರವೋ ಆಕಾಶದಲ್ಲಿ ಅದೇ ಭಾರವಾಯಿತು. ಅಂದು ಆ ಕೊಲ್ಲಿಯಲ್ಲಿ ಕಡಲಹಕ್ಕಿಯೊಂದು ಮೇಲೇಳುತ್ತಲೇ ಕಾಲುಗಳನ್ನು ಗರಿಯೊಳಗೆ ಅಡಗಿಸಿಕೊಂಡುದನ್ನು ಕಂಡೆನು. ವಿಮಾನಕ್ಕೆ ಆ ಸೌಕರ್ಯವಿರಲಿಲ್ಲ. ದೋಣಿಯು ಗಾಳಿಯನ್ನು ತಡೆಯುತ್ತಲೇ ಇತ್ತು. ಆದಕಾರಣ ಅದರ ವೇಗ ಗಂಟೆಗೆ ಸುಮಾರು 300 ಕಿಲೋಮೀಟರು. ಆಂಗ್ಲರ ಹರಿಕೇನ್ ವಿಮಾನದ್ದಾದರೋ 500ಕ್ಕೂ ಮಿಗಿಲು! ಹೋಗಲಿ, ಕಡಲಿಗಾದರೂ ಒಗ್ಗಿತೇ? ತೆರೆಯೆದ್ದ ಬಿಚ್ಚುಗಡಲಿನಲ್ಲಿ ಅದನ್ನು ಇಳಿಸುವುದು ಅಪಾಯಕರವಾಗಿತ್ತು. ಉಭಯಭ್ರಷ್ಟವೆಂದರೆ ಇದೇ. ಕಟ್ಟಿದ ವಿಮಾನಗಳು 40ನ್ನೂ ಮುಟ್ಟಲಿಲ್ಲ.

ದೋಷವು ಕುಶಲಿಗಳದೆಂದು ನನಗೆ ತೋರುವುದಿಲ್ಲ. ನೌಕೆ ಮಾಡಬೇಕಾದ ಕೆಲಸವನ್ನು ದೋಣಿಯ ಮೇಲೆ ಹೊರಿಸಿದವರು ಬೇರೆಯವರು. ಯುದ್ಧ ಬಂದ ಮೇಲೆ, 1941ರಲ್ಲಿ, ಪ್ರಯಾಣಿಕರ ಹಡಗೊಂದನ್ನು ವಿಮಾನವಾಹಕವಾಗಿ ಮಾರ್ಪಡಿಸತೊಡಗಿದರು. ಅದು ಕಡೆಗೂ ಪೂರ್ತಿಯಾಗಲಿಲ್ಲ. ಅಷ್ಟರವರೆಗೆ ಆ ನಿಧಾನದ ಯಂತ್ರದಲ್ಲಿ ಒಂಟಿಯಾಗಿ ಕುಳಿತು ಮೇಲೇರಿದವರು ತರುಣರು.

1947ರಲ್ಲಿ ದ್ವೀಪವು ಗ್ರೀಸಿಗೆ ಸೇರಿತು. ಲೆಪಿದಾದ ಸೈನಿಕ ಕಟ್ಟಡಗಳು ಮುಂದೆ ಮನೋರೋಗಿಗಳ ಆಸ್ಪತ್ರೆಯಾದುವು. ನಾನು ಹಿಂದಿರುಗುವಾಗ ಕೊಲ್ಲಿಯ ನೀರು ಹಾಗೆಯೇ ನಿಶ್ಚಲವಾಗಿತ್ತು. ಅದರ ಬಾಯಿಯಾಚೆ ಮಾತ್ರ ಗಾಳಿಯೆದ್ದು, ತೆರೆಗಳು ಬಿಳಿಯ ನೊರೆಯನ್ನು ಕಾರುತ್ತಿದ್ದುವು.