ಬೀಪಿ ಅಂದರೆ ಸಿಟ್ಟೇ?

ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಇಲ್ಲಿನ ಮರಾಠಿಗರಿಗೂ ನಮ್ಮ ಕನ್ನಡದವರಿಗೂ ಒಂದು ವಿಷಯದಲ್ಲಿ ಪೂರ್ತಿ ಒಮ್ಮತ: ಬೀಪಿ ಅಂದರೆ ಸಿಟ್ಟು! ಹಾಗಾಗಿ ತಣ್ಣಗಿರುವವರು ಚೆಕ್ ಮಾಡಿಸುವುದೇ ಇಲ್ಲ.

ನಮ್ಮ ಶಾಖೆಯ ಕ್ಯಾಷಿಯರ್ ಒಬ್ಬರು ಎಂದೂ ದನಿ ಏರಿಸಿದವರಲ್ಲ. ತಪಾಸಣಾ ಶಿಬಿರದಲ್ಲಿ 180/110 ಬಂತು. "ತಲೆನೋವೇ ಇಲ್ವಲ್ಲ, ಮಶೀನ್ ಕೆಟ್ಟಿರಬೇಕು" ಎಂದರು. ಮರುದಿನ ಬೇರೆ ಕಡೆ ನೋಡಿಸಿದರೂ ಅಷ್ಟೇ. 140/90 ಮುಟ್ಟಿದರೇ ಹೆಚ್ಚು ಎಂದು ಲೆಕ್ಕ. ನೋವೇ ಕೊಡದೆ ಮಿದುಳು, ಮೂತ್ರಪಿಂಡಗಳನ್ನು ಕೆಡಿಸುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ಇದಿದೆ. ಅವರೆಲ್ಲ ಸಿಡುಕರೇ ಸ್ವಾಮಿ?

"ಮಾತ್ರೆ ಶುರುಮಾಡಿದರೆ ಜನ್ಮಪೂರ್ತಿ ಬಿಡೋ ಹಾಗಿಲ್ಲ" ಎಂದು ಅವರು ಇನ್ನೂ ಶುರುಮಾಡಿಲ್ಲ. ಇಪ್ಪತ್ತು ವರ್ಷದ ಗೃಹಸಾಲಕ್ಕೆ ಮಾತ್ರ ಹಿಂದೆಮುಂದೆ ನೋಡದೆ ಸಹಿ ಹಾಕಿದ್ದಾರೆ!