ಅಧಿಕಾರವಿಲ್ಲದ ನಾಯಕ

ನಾಲ್ಕೈದು ಮಂದಿ ಯುವಕ ಯುವತಿಯರು ಮೇಜಿನ ಸುತ್ತ ಕುಳಿತು, ಇಪ್ಪತ್ತು ಮುಖಗಳ ದಾಳವನ್ನು ಉರುಳಿಸುತ್ತಾ, ಎಲ್ಲಿಯೂ ಇಲ್ಲದ ಗುಹೆಯೊಂದರ ಬಗ್ಗೆ ಗಂಟೆಗಟ್ಟಲೆ ವಾದಿಸುವುದನ್ನು ನೀವು ಕಂಡಿದ್ದೀರಾ? ಅದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ, ಇಲ್ಲವೇ ಅದರ ಸಂತತಿಗೆ ಸೇರಿದ ಮತ್ತೊಂದು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ಒಬ್ಬರು ಸೂತ್ರಧಾರರಾಗಿ ಕಥಾಲೋಕವನ್ನು ವರ್ಣಿಸುತ್ತಾರೆ. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರ ವಹಿಸಿ ಮಾತಿನಲ್ಲಿಯೇ ಆಡುತ್ತಾರೆ. ಎದುರು ಪಕ್ಷವೆಂಬುದಿಲ್ಲ, ತಂಡ ಒಟ್ಟಾಗಿ ಮುಂದೆ ಸಾಗಬೇಕು, ಅಷ್ಟೇ.

1980ರ ದಶಕದಲ್ಲಿ ಅಮೆರಿಕದ ಕೆಲವು ಕ್ರೈಸ್ತರು ಇದನ್ನು ಮಾಟಮಂತ್ರದ ಬಾಗಿಲೆಂದು ದೂರಿದ್ದುಂಟು. ಆ ಹಳೆಯ ಜಗಳ ನನಗೆ ಬೇಡ. ನನ್ನ ಕುತೂಹಲವಿರುವುದು ಬೇರೊಂದು ಪ್ರಶ್ನೆಯಲ್ಲಿ: ಈ ತಂಡವನ್ನು ನಡೆಸುವವರು ಯಾರು?

1974ರ ಮೂಲ ಪುಸ್ತಿಕೆ ನಾಲ್ಕರಿಂದ ಐವತ್ತು ಆಟಗಾರರವರೆಗೆ ಅವಕಾಶವಿತ್ತಿತ್ತು. ಅಷ್ಟು ಜನ ಒಮ್ಮೆಲೇ ಮಾತನಾಡಿದರೆ ಸೂತ್ರಧಾರನ ಗತಿಯೇನು? ಆದ್ದರಿಂದ ತಂಡದ ತೀರ್ಮಾನವನ್ನು ತಿಳಿಸಲು ಒಬ್ಬ ವಕ್ತಾರನಿರುತ್ತಿದ್ದ. ಅವನನ್ನು ‘ಕಾಲರ್’ ಎನ್ನುತ್ತಿದ್ದರು. 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಆರಂಭಿಕ ನಿಯಮಪುಸ್ತಕ ಈ ಹುದ್ದೆಗೆ ಒಂದು ಎಚ್ಚರಿಕೆಯನ್ನೂ ಸೇರಿಸಿತು: ವಕ್ತಾರನು ಇತರರೆಲ್ಲರ ಯೋಜನೆಗಳನ್ನು ಸರಿಯಾಗಿ ಮುಟ್ಟಿಸುವಂತೆ ನೋಡಿಕೊಳ್ಳಬೇಕು. ಕಾಲಕ್ರಮೇಣ ಈ ಹುದ್ದೆ ಮರೆಯಾಯಿತು. 2014ರ ಐದನೆಯ ಆವೃತ್ತಿಯಲ್ಲಿ, ಒಮ್ಮೊಮ್ಮೆ ಒಬ್ಬರು ಎಲ್ಲರ ಪರವಾಗಿ ಮಾತನಾಡುವುದುಂಟು ಎಂಬ ಪ್ರಸ್ತಾಪ ಮಾತ್ರ ಉಳಿದಿದೆ. ಹುದ್ದೆ ಹೋದರೂ ಅದರ ಕಷ್ಟ ಹೋಗಲಿಲ್ಲ.

ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನ ಮನೆಯಲ್ಲಿ ಒಂದು ಭಾನುವಾರ ಸಂಜೆ ಈ ಆಟವನ್ನು ನೋಡುತ್ತಾ ಕುಳಿತಿದ್ದೆ. ಆಟಗಾರರು ಐವರು, ಸೂತ್ರಧಾರನೊಬ್ಬ. ಗೆಳೆಯರೆಲ್ಲ ಸೇರಿ ನನ್ನ ಅಳಿಯನನ್ನೇ ನಾಯಕನೆಂದು ಆರಿಸಿದ್ದರು. ಆದರೆ ಯೋಧನ ಪಾತ್ರ ವಹಿಸಿದ್ದ ಯುವಕನಿಗೆ ನಿಯಮಗಳೆಲ್ಲ ಕಂಠಪಾಠ. ಯಾವ ದಾರಿ ಹಿಡಿಯಬೇಕು, ಯಾರು ಮುಂದೆ ನಿಲ್ಲಬೇಕು, ಎಲ್ಲವನ್ನೂ ಅವನೇ ಹೇಳಿದ. ಮಾಂತ್ರಿಕಳ ಪಾತ್ರದ ಹುಡುಗಿ ಯಾವ ಮಂತ್ರ ಪ್ರಯೋಗಿಸಬೇಕೆಂಬುದನ್ನೂ ಅವನೇ ನಿರ್ಧರಿಸಿದ. ಅವನ ಲೆಕ್ಕಾಚಾರ ಸರಿಯಾಗಿಯೇ ಇತ್ತು, ಕಾಳಗವನ್ನು ಗೆದ್ದರು. ಅಷ್ಟರಲ್ಲಿ ಆ ಹುಡುಗಿ “ಸರಿ, ನೀನು ಹೇಳಿದ ಹಾಗೇ ಆಗಲಿ” ಎಂದು ಮೊಬೈಲ್ ನೋಡುತ್ತಾ ಕುಳಿತಿದ್ದಳು. ಸಭೆಗಳಲ್ಲಿ ಕುಳಿತೇ ಕೂದಲು ನರೆತಿರುವ ನನಗೆ ಆ ‘ಸರಿ’ಯ ಅರ್ಥ ಚೆನ್ನಾಗಿ ಗೊತ್ತು.

ಆಮೇಲೆ ಕಳ್ಳನ ಸರದಿ. ತಂಡಕ್ಕೆ ಆಶ್ರಯವಿತ್ತ ಮುದುಕಿಯ ಹಣದ ಚೀಲವನ್ನೇ ಅವನು ಎಗರಿಸಿದ! ಎಲ್ಲರೂ ಕೂಗಾಡಿದರೆ, “ನನ್ನ ಪಾತ್ರ ಇರುವುದೇ ಹಾಗೆ” ಎಂಬ ಉತ್ತರ. ಈ ಆಟದ ಗುಂಪುಗಳಲ್ಲೆಲ್ಲ ಇದು ಬಹಳ ಹಳೆಯ ಉತ್ತರವಂತೆ.

ಇಂಥ ಹೊತ್ತಿನಲ್ಲಿ ನಾಯಕನ ಬಳಿ ಏನಿರುತ್ತದೆ, ಯೋಚಿಸಿ. ಕಚೇರಿಯ ಮೇಲಧಿಕಾರಿಯ ಹಿಂದೆ ಸಂಬಳವಿದೆ. ನಮ್ಮಂಥ ಗುರುಗಳ ಕೈಯಲ್ಲಾದರೂ ಧರ್ಮಾಧ್ಯಕ್ಷರ ನೇಮಕಪತ್ರವಿರುತ್ತದೆ. ಈ ಆಟದಲ್ಲಿ ವರ್ಚಸ್ಸಿಗೂ ಅಂಕವುಂಟು. ಮೊದಲ ನಿಯಮಗಳಲ್ಲಿ ಬಾಡಿಗೆ ಭಂಟರ ನಿಷ್ಠೆ ಆ ಅಂಕವನ್ನು ಅವಲಂಬಿಸಿತ್ತು. ಆದರೆ ಎದುರಿಗೆ ಕುಳಿತ ಗೆಳೆಯನ ಮೇಲೆ ಆ ಅಂಕ ನಡೆಯದು. ಮುನಿಸಿಕೊಂಡ ಒಬ್ಬ ಮುಂದಿನ ಭಾನುವಾರ ಬಾರದಿದ್ದರೆ ತಂಡ ಮುರಿಯಿತು. ಎಷ್ಟೋ ಸಲ ಅದರೊಡನೆ ಸ್ನೇಹವೂ.

ನನ್ನ ಅಳಿಯ ದಾಳವನ್ನು ಬದಿಗಿಟ್ಟ. ಪಾತ್ರವನ್ನು ಬಿಟ್ಟು, ಆ ಹುಡುಗನನ್ನೇ ಹೆಸರು ಹಿಡಿದು ಕರೆದು, “ಏನಾಯ್ತೋ?” ಎಂದು ಕೇಳಿದ. ಸ್ವಲ್ಪ ಹೊತ್ತು ಮೌನ. ಬಳಿಕ ಉತ್ತರ ಬಂತು: “ಎರಡು ಗಂಟೆಯಿಂದ ನನ್ನನ್ನು ಯಾರೂ ಏನೂ ಕೇಳಲಿಲ್ಲ.”

ಅಂದಿನಿಂದ ಅಳಿಯ ಹೆಚ್ಚು ಮಾತನಾಡದವರನ್ನೇ ಮೊದಲು ಕೇಳತೊಡಗಿದ. ಇದರಿಂದ ಎಲ್ಲವೂ ಸಲೀಸಾಯಿತೆಂದು ಭಾವಿಸಬೇಡಿ. “ಮಾಮ, ಒಂದು ಬಾಗಿಲು ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸಲು ಮುಕ್ಕಾಲು ಗಂಟೆ ಹಿಡಿಯಿತು” ಎಂದು ದೂರವಾಣಿಯಲ್ಲಿ ಅಲವತ್ತುಕೊಂಡ. ಅದೂ ನಿಜವೇ. ಎಲ್ಲರ ಅಭಿಪ್ರಾಯ ಕೇಳುವ ನಾಯಕ ಒಂದು ಹಂತದಲ್ಲಿ “ಸಾಕು, ಹೊರಡೋಣ” ಎನ್ನಲೇಬೇಕು. ಆ ಹಂತ ಯಾವುದೆಂದು ಯಾವ ನಿಯಮಪುಸ್ತಕವೂ ಹೇಳಿಕೊಡಲಾರದು. ಬೇಗನೆ ಅಂದರೆ ದರ್ಪವೆನಿಸುತ್ತದೆ, ತಡವಾದರೆ ಎಲ್ಲರಿಗೂ ಆಕಳಿಕೆ.

ಈಗ ಅವರು ಮೂರು ವಾರಗಳಿಗೊಮ್ಮೆ ನಾಯಕರನ್ನು ಬದಲಿಸುತ್ತಾರಂತೆ. ಮೊದಲ ಸರದಿ ಆ ಮಾಂತ್ರಿಕಳದು. ಮೊದಲ ಸಂಜೆಯೇ ತಂಡವನ್ನು ನೇರವಾಗಿ ಹೊಂಡವೊಂದಕ್ಕೆ ಕೆಡವಿದಳಂತೆ. ಹೊಂಡವಿದೆಯೆಂದು ಊಹಿಸಿದ್ದ ಯೋಧ, ತನ್ನನ್ನು ಕೇಳುವವರೆಗೂ ತುಟಿ ಬಿಗಿಹಿಡಿದು ಕುಳಿತಿದ್ದನಂತೆ. ಮುಂದಿನ ಭಾನುವಾರ ಐವರೂ ಬಂದರು. ಆ ಹುಡುಗಿ ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ.